ನಾಲ್ಕನೇ ಫೋನ್

"ಅಲಾರ್ಮ್ ಹೊಡೆದಿದೆ ಮೇಡಂ. ಒಂದು ಸಲ ಅಲ್ಲ, ಎರಡು ಸಲ. ಎರಡು ಸಲಾನೂ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ."

ವಾಚ್ ರಿಪೇರಿಯವನು ಇಷ್ಟು ಹೇಳಿ, ಎಡಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಮೇಜಿನ ಮೇಲೆ ಒಂದು ಕಾಗದದ ಸುರುಳಿ ಬಿಡಿಸಿದ. ಬಿಲ್ ಹೊಡೆಯುವ ಪುಟ್ಟ ಯಂತ್ರದಿಂದ ಬಂದ, ಎರಡು ಬೆರಳಗಲದ ಕಾಗದ. ಸುತ್ತಮುತ್ತಲಿನವರೆಲ್ಲ ಅವನನ್ನು ಕರೆಯುವುದೇ ಭೂತಗನ್ನಡಿ ಎಂದು. ಊಟಕ್ಕೆ ಕೂತರೂ ಅದನ್ನು ಕಣ್ಣಿನಿಂದ ತೆಗೆಯುವುದಿಲ್ಲ, ಅನ್ನದಲ್ಲಿ ಕಲ್ಲು ಹುಡುಕುತ್ತಾನೆ ಎಂದು ಅವನ ಹೆಂಡತಿಯೇ ದೂರುತ್ತಾಳಂತೆ.

ಎದುರಿಗೆ ನಿಂತಿದ್ದ ಇಕ್ಕಳ ಮೇಡಂ ಕಾಗದ ಮುಟ್ಟಲಿಲ್ಲ.

ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಈಗ ಸ್ವಂತ ಬೋರ್ಡು ಹಾಕಿಕೊಂಡು ಪತ್ತೇದಾರಿಕೆ ಮಾಡುತ್ತಿದ್ದ ಈ ಹೆಂಗಸಿಗೆ ಆ ಅಡ್ಡಹೆಸರು ಇಟ್ಟವರು ಕಳ್ಳರೋ, ಸಹೋದ್ಯೋಗಿಗಳೋ ಗೊತ್ತಿಲ್ಲ. ಹಿಡಿದರೆ ಬಿಡುವವಳಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಬುಧವಾರ ಮಧ್ಯಾಹ್ನ ಅವಳ ತಂಗಿ, ಶಾಲೆಯ ಡ್ರಾಯಿಂಗ್ ಟೀಚರ್, ಶುಗರ್ ಇಳಿದು ಚಿತ್ರದ ಕೋಣೆಯಲ್ಲಿ ಬಿದ್ದಿದ್ದಳು. ಇವತ್ತು ಶುಕ್ರವಾರ, ಇನ್ನೂ ಕಣ್ಣು ಬಿಟ್ಟಿಲ್ಲ. ಇಕ್ಕಳ ಕಚ್ಚಿ ಹಿಡಿದದ್ದು ಭೂತಗನ್ನಡಿಯನ್ನು. ಅವಳ ದೂರಿನ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಪೊಲೀಸರು ಬಂದು ಅವನ ಅಂಗಡಿಯ ಅಲಾರ್ಮ್ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದರು.

"ನಿನ್ನ ಯಂತ್ರ ಕೈಕೊಡ್ತು. ಅದನ್ನ ಒಪ್ಕೊಳ್ಳೋಕೆ ಆಗದೆ ಕಾಗದ ತೋರಿಸ್ತಿದ್ದೀಯ" ಎಂದಳು ಅವಳು.

"ಓದಿ ನೋಡಿ ಮೇಡಂ. ಓದಿದ ಮೇಲೆ ಬೈಯಿರಿ. ನಾನೆಲ್ಲಿಗೂ ಓಡಿ ಹೋಗಲ್ಲ."

ತಂಗಿಗೆ ಒಂಬತ್ತನೇ ವಯಸ್ಸಿನಿಂದ ಟೈಪ್ ಒನ್ ಡಯಾಬಿಟಿಸ್. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಅದು ಸ್ವಲ್ಪ ಹೆಚ್ಚಾದರೂ ಸಕ್ಕರೆ ಕುಸಿಯುತ್ತದೆ. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರು ಸಕ್ಕರೆ ಎಷ್ಟಿದೆ ಎಂದು ಹೇಳುತ್ತದೆ ನಿಜ, ಆದರೆ ಕೇಳಿದರೆ ಮಾತ್ರ. ಫೋನು ಹತ್ತಿರ ಹಿಡಿದರೆ ಅಂಕಿ ತೋರಿಸುತ್ತದೆ. ಹಿಡಿಯದಿದ್ದರೆ ಮನುಷ್ಯ ಕುಸಿದು ಬಿದ್ದರೂ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಅಂಥ ಸೆನ್ಸರಿನ ಮೇಲೆ ಭೂತಗನ್ನಡಿ ತಾನೇ ಮಾಡಿದ ಒಂದು ಗುಂಡಿ ಕೂರಿಸಿಕೊಡುತ್ತಿದ್ದ. ಕೋಟಿನ ಗುಂಡಿಯಷ್ಟು ದೊಡ್ಡದು. ಅದು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಓದಿ, ಫೋನಿನ ಮೂಲಕ ಅಂಗಡಿಯ ಪೆಟ್ಟಿಗೆಗೆ ಕಳಿಸುತ್ತದೆ. ಅಂಕಿ ಎಪ್ಪತ್ತಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ಮನೆಯವರೆಲ್ಲರ ಫೋನಿನಲ್ಲೂ ಅಲಾರ್ಮ್ ಹೊಡೆಯುತ್ತದೆ. ತಂಗಿಯ ಪಾಲಿಗೆ ನಾಲ್ಕು ಫೋನು: ಒಂದನೆಯದು ಅವಳದೇ, ಎರಡನೆಯದು ಗಂಡನದು, ಮೂರನೆಯದು ಅಮ್ಮನದು, ನಾಲ್ಕನೆಯದು ಅಕ್ಕನದು.

ಅಕ್ಕ ಕಾಗದ ಎತ್ತಿಕೊಂಡಳು.

11:07, ಅಂಕಿ 66, ಅಲಾರ್ಮ್. 11:08, ನೋಡಿದೆ. 11:22, ಅಂಕಿ 57. 11:37, ಅಂಕಿ 48, ಅಲಾರ್ಮ್. 11:38, ನೋಡಿದೆ. 11:52, ಅಂಕಿ 37.

ಅವನು ಕಾಗದವನ್ನು ಅಲ್ಲಿಗೇ ಹರಿದಿದ್ದ. ಹನ್ನೆರಡರ ಬೆಲ್ ಹೊಡೆದು ಮಕ್ಕಳು ಚಿತ್ರದ ಕೋಣೆಗೆ ಬಂದಾಗ ಟೀಚರು ನೆಲದ ಮೇಲಿದ್ದಳು, ಕೈಯಲ್ಲಿ ಒದ್ದೆ ಕುಂಚ.

"'ನೋಡಿದೆ' ಅಂದ್ರೆ?" ಗೊತ್ತಿದ್ದೂ ಕೇಳಿದಳು. ಪೊಲೀಸರ ಹಳೇ ಚಾಳಿ.

"ನಾಲ್ಕು ಜನರಲ್ಲಿ ಯಾರಾದ್ರೂ ಒಬ್ಬರು 'ನೋಡಿದೆ' ಅಂತ ಒತ್ತಿದ್ರೆ ಕೂಗಿದ ಹೊತ್ತಿನಿಂದ ಅರ್ಧ ಗಂಟೆ ಎಲ್ಲರ ಫೋನೂ ಸುಮ್ಮನಾಗುತ್ತೆ. ಹಾಗೆ ಮಾಡಿಕೊಡಿ ಅಂತ ಕೇಳಿದ್ದು ನಿಮ್ಮ ತಂಗಿಯವರೇ. ಒಂದು ಬಿಸ್ಕತ್ತು ತಿನ್ನೋಕೆ ಮೂರು ಜನರ ಫೋನು ಎತ್ತಬೇಕು, ಮಕ್ಕಳ ಮುಂದೆ ಮಾನ ಹೋಗುತ್ತೆ ಅಂತಿದ್ರು."

ಅದೂ ನಿಜ. ತಂಗಿ ಅದಕ್ಕೊಂದು ನಿಯಮವನ್ನೂ ಮಾಡಿದ್ದಳು. ಒತ್ತಿದವರು ಅವಳಿಗೆ ಕೂಡಲೇ ಫೋನು ಮಾಡಬೇಕು, ಅವಳು ಎತ್ತುವ ತನಕ ಬಿಡಬಾರದು. ಇದನ್ನು ಬಣ್ಣದಲ್ಲಿ ದಪ್ಪಗೆ ಬರೆದು ಅಮ್ಮನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಬುಧವಾರ ಯಾರೋ ಎರಡು ಸಲ ಒತ್ತಿದ್ದಾರೆ, ಒಂದು ಸಲವೂ ಫೋನು ಮಾಡಿಲ್ಲ. ತಂಗಿಯ ಫೋನು ಬ್ಯಾಗಿನೊಳಗೆ ಒಂದೊಂದು ನಿಮಿಷ ಕೂಗಿ ತಣ್ಣಗಾಗಿದೆ.

"ಯಾರು ಒತ್ತಿದ್ದು?"

"ಇದು ಪೆಟ್ಟಿಗೆ ಹೋದ ಮೇಲೆ ಆಸ್ಪತ್ರೆಗೆ ಹೋಗಿ, ತೋಳಿನ ಗುಂಡಿಯೊಳಗಿಂದ ಓದಿಕೊಂಡು ಬಂದದ್ದು. ಕೂಗಿದ್ದು, ಸುಮ್ಮನಾದದ್ದು, ಅಷ್ಟೇ ಅದಕ್ಕೆ ಗೊತ್ತು. ಸುಮ್ಮನಾಗಿಸಿದವರು ಯಾರು ಅನ್ನೋದು ಪೆಟ್ಟಿಗೆಗೆ ಗೊತ್ತು." ಭೂತಗನ್ನಡಿ ತಲೆ ತಗ್ಗಿಸಿದ. "ಪೆಟ್ಟಿಗೆ ಸ್ಟೇಷನ್ನಿನಲ್ಲಿದೆ."

ಅಷ್ಟರಲ್ಲಿ ಟೈಲರ್ ಹೆಂಗಸೊಬ್ಬಳು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಅಂಗಡಿಗೆ ನುಗ್ಗಿದಳು. ರವಿಕೆಯ ತೋಳಿನ ಕೆಳಗೆ ಅವಳಿಗೂ ಅದೇ ಗುಂಡಿ.

"ಅಣ್ಣಾ, ಬೆಳಗ್ಗೆಯಿಂದ ಇದು ಉಸಿರೇ ಬಿಡ್ತಿಲ್ಲ. ಫೋನಲ್ಲಿ ಬರೀ ಗೀಟು. ಏನಾಯ್ತು?"

ಇಕ್ಕಳ ಮೇಡಂ ಗೋಡೆಯ ಗಡಿಯಾರಗಳತ್ತ ತಿರುಗಿದಳು.

"ಪೆಟ್ಟಿಗೆಗೆ ಸ್ವಲ್ಪ ರಿಪೇರಿ ಅಮ್ಮಾ. ಸಂಜೆ ತನಕ ಗಂಟೆಗೊಂದು ಸಲ ಬೆರಳು ಚುಚ್ಚಿ ನೋಡ್ಕೊಳ್ಳಿ. ಮಿಷನ್ ತುಳೀತಾ ಮರೆತುಬಿಟ್ಟೀರಿ, ಜೋಕೆ" ಎಂದ ಭೂತಗನ್ನಡಿ. ಹೆಂಗಸು ಗೊಣಗುತ್ತಾ ಹೋದಳು.

"ಇಂಥವರು ಎಷ್ಟು ಜನ?"

"ನಿಮ್ಮ ತಂಗಿಯವರನ್ನ ಬಿಟ್ಟು ಹನ್ನೊಂದು. ಎಲ್ಲರಿಗೂ ಬೆಳಗ್ಗೆಯಿಂದ ಫೋನು ಮಾಡ್ತಿದ್ದೀನಿ. ಇಬ್ಬರು ಎತ್ತಿಲ್ಲ. ಒಬ್ಬಳು ಮೂರನೇ ಕ್ಲಾಸಿನ ಹುಡುಗಿ, ಅವಳಮ್ಮ ಕೆಲಸಕ್ಕೆ ರಜೆ ಹಾಕಿ ಶಾಲೆ ಜಗಲಿ ಮೇಲೆ ಕೂತಿದ್ದಾಳೆ."

ದೂರು ಕೊಟ್ಟದ್ದು ಯಾರು ಎಂದು ಅವನು ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಬೈದಿದ್ದರೆ ಅವಳಿಗೆ ಇಷ್ಟು ಇರುಸುಮುರುಸಾಗುತ್ತಿರಲಿಲ್ಲ. ತಂಗಿಯೊಬ್ಬಳ ಹೆಸರಿನಲ್ಲಿ ಹನ್ನೊಂದು ಜನರ ಅಲಾರ್ಮ್ ಕಿತ್ತು ಸ್ಟೇಷನ್ನಿನ ಮೂಲೆಗೆ ಹಾಕಿಸಿದ್ದಾಳೆ. ಆ ಹನ್ನೊಂದರ ವಿಷಯ ಅವಳಿಗೆ ನಿನ್ನೆಯೇ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ್ದಳು.

ಕಾಗದ ಮಡಚಿ ಕೈಚೀಲಕ್ಕೆ ಹಾಕಿಕೊಂಡು ಅವಳು ಆಸ್ಪತ್ರೆಯ ದಾರಿ ಹಿಡಿದಳು. ಒತ್ತಿದವರು ಸಿಕ್ಕಿದರೆ ಪೆಟ್ಟಿಗೆ ಬಿಡಿಸಲು ಒಂದು ಕಾರಣ ಸಿಕ್ಕಂತಾಯಿತು. ತಂಗಿಯ ಗಂಡ, ಇಲ್ಲವೇ ಅಮ್ಮ. ದಾರಿಯುದ್ದಕ್ಕೂ ಈ ಇಬ್ಬರನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಮೂರನೆಯ ಆಸಾಮಿಯೊಬ್ಬಳಿದ್ದಾಳೆ ಎಂಬುದು ಇಪ್ಪತ್ತಾರು ವರ್ಷದ ಅನುಭವಕ್ಕೆ ಹೊಳೆಯಲೇ ಇಲ್ಲ.

*

ಅಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಬುಧವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದವಳಿಗೆ ಇನ್ನೂ ಬೆಳಕು ಚುಚ್ಚುತ್ತಿತ್ತು.

"ಒತ್ತೋದಾ? ನಾನ್ಯಾವತ್ತೂ ಅದನ್ನ ಒತ್ತಲ್ಲಮ್ಮ. ಒತ್ತಿದ್ರೆ ಏನು ಅಳಿಸಿ ಹೋಗುತ್ತೋ ಅಂತ ಭಯ. ಕೂಗಿದ್ರೆ ನೆಟ್ಟಗೆ ಅವಳಿಗೇ ಫೋನು ಮಾಡ್ತೀನಿ."

"ಬುಧವಾರ ಯಾಕೆ ಮಾಡ್ಲಿಲ್ಲ?"

"ಕಣ್ಣಿಗೆ ಹನಿ ಹಾಕಿ ಕೂರಿಸಿದ್ರು. ಫೋನು ಕೂಗ್ತು. ಯಾರನ್ನಾದ್ರೂ ಕರೀಬೇಕು ಅನ್ನೋವಷ್ಟರಲ್ಲಿ ನಿಂತು ಹೋಯ್ತು. ನಿಂತ್ರೆ ಯಾರೋ ನೋಡಿದ್ರು ಅಂತ ಅರ್ಥ ಅಲ್ವಾ?" ಅಮ್ಮ ಕನ್ನಡಕ ಎತ್ತಿ ಕಣ್ಣೊರೆಸಿಕೊಂಡಳು. "ನೀನೇ ನೋಡಿರ್ತೀಯ ಅಂದ್ಕೊಂಡೆ. ಮನೇಲಿ ಪೊಲೀಸು ಅಂತ ಇರೋದು ನೀನೊಬ್ಬಳೇ."

ಅಮ್ಮನ ಮೇಲೆ ಸಂಶಯ ಅಲ್ಲಿಗೇ ಮುಗಿಯಿತು. ಉಳಿದವನು ಒಬ್ಬ.

ತಂಗಿಯ ಗಂಡ ಸಿಟಿ ಬಸ್ಸಿನ ಡ್ರೈವರು. ವಾರ್ಡಿನ ಉದ್ದನೆಯ ಓಣಿಯ ಕೊನೆಯಲ್ಲಿ, ನೀರಿನ ಫಿಲ್ಟರಿನ ಪಕ್ಕ, ಯೂನಿಫಾರ್ಮಿನಲ್ಲೇ ಗೋಡೆಗೊರಗಿ ನಿಂತಿದ್ದ. ಎರಡು ದಿನದಿಂದ ಗಡ್ಡ ಕೆರೆದಿಲ್ಲ. ಇಕ್ಕಳ ಮೇಡಂ ಅವನನ್ನು ಕಿಟಕಿಗೆ ಒತ್ತರಿಸಿ ನಿಂತಳು.

"ಬುಧವಾರ ಹನ್ನೊಂದು ಗಂಟೆ ಎಂಟು ನಿಮಿಷ. ಎಲ್ಲಿದ್ದೆ?"

"ಗಾಡೀಲಿ ಅಕ್ಕ."

"ಹನ್ನೊಂದು ಮೂವತ್ತೆಂಟಕ್ಕೆ?"

"ಗಾಡೀಲೇ. ಇಲ್ಲ... ಡಿಪೋದಲ್ಲಿದ್ದೆ ಅನ್ಸುತ್ತೆ. ಯಾಕಕ್ಕ?"

"ಅಲಾರ್ಮ್ ಹೊಡೆದಿತ್ತು ಕಣಪ್ಪ. ಎರಡು ಸಲ. ಯಾರೋ 'ನೋಡಿದೆ' ಒತ್ತಿ ಸುಮ್ಮನಾಗಿಸಿದ್ದಾರೆ. ಅಮ್ಮ ಅಲ್ಲ."

ಅವನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಫೋನನ್ನು ತಿರುಗಿಸಿ ಅಂಗೈಗೆ ಕವುಚಿ ಹಿಡಿದುಕೊಂಡ. ಫೋನಿನ ಬೆನ್ನಿನ ಮೂಲೆಯಲ್ಲಿ ಒಂದು ಬಿರುಕು, ಅದರ ಮೇಲೆ ಕೆಂಪು ನೇಲ್ ಪಾಲಿಶ್. ಬಿರುಕು ಹರಡದಿರಲೆಂದು ಅದನ್ನು ಬಳಿದವಳು ಇಕ್ಕಳ ಮೇಡಮ್ಮೇ. ಎರಡು ವಾರದ ಹಿಂದೆ ಅವನ ಫೋನು ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಪುಡಿಯಾದಾಗ, ತಾನು ಹೊಸದು ಕೊಂಡು ಹಳೆಯದನ್ನು ಅವನಿಗೆ ಕೊಟ್ಟಿದ್ದಳು. ಚೆನ್ನಾಗಿಯೇ ಇಟ್ಟುಕೊಂಡಿದ್ದಾನೆ ಎಂದುಕೊಂಡಳು.

"ನಿಜ ಹೇಳು."

"ನಾನು ಒತ್ತಿಲ್ಲ ಅಕ್ಕ. ಒತ್ತೋಕೆ ನನಗದು ಬಂದೇ ಇಲ್ಲ."

"ಅಂದ್ರೆ?"

"ನನ್ನ ಫೋನಲ್ಲಿ ಆ ಅಲಾರ್ಮೇ ಇಲ್ಲ. ಎರಡು ವಾರ ಆಯ್ತು." ಅವನು ನೆಲ ನೋಡುತ್ತಾ ಹೇಳಿದ. "ಹಳೇದು ಒಡೆದ ಮೇಲೆ ಮತ್ತೆ ಹಾಕಿಸ್ಕೊಳ್ಳೋಕೆ ಹೋಗಲಿಲ್ಲ. ಗಾಡಿ ತುಂಬ ಜನ ಇರ್ತಾರೆ, ಇದು ಹಳೇ ಗಡಿಯಾರದ ಹಾಗೆ ಟ್ರಿಣ್ ಟ್ರಿಣ್ ಅನ್ನುತ್ತೆ. 'ಡ್ರೈವರ್ ಸಾಹೇಬ್ರೇ, ಎದ್ದೇಳಿ, ಬೆಳಗಾಯ್ತು' ಅಂತ ಹಿಂದಿನ ಸೀಟಿನವರು ನಗ್ತಾರೆ. ಮೇಲಿನವರಿಗೆ ಕಂಪ್ಲೇಂಟೂ ಹೋಯ್ತು. ನಿಮ್ಮೆಲ್ಲರ ಹತ್ತಿರ ಇದೆಯಲ್ಲ, ನನ್ನದೊಂದು ಇಲ್ಲದಿದ್ರೆ ಏನಾಗುತ್ತೆ ಅಂತ..."

"ಅವಳಿಗೆ ಹೇಳಿದ್ಯಾ?"

"ಇಲ್ಲ. ಹಾಕಿಸ್ಕೊಂಡಿದ್ದೀನಿ ಅಂತ ಸುಳ್ಳು ಹೇಳಿದೆ."

ಇಕ್ಕಳದ ಹಿಡಿತ ಸಡಿಲವಾಯಿತು. ಇಷ್ಟು ನಾಚಿಕೆಯ ಮಾತನ್ನು ಯಾರೂ ಸುಮ್ಮಸುಮ್ಮನೆ ಕಟ್ಟುವುದಿಲ್ಲ ಎಂದು ಅವಳಿಗನ್ನಿಸಿತು. ಸಾವಿರಾರು ಹೇಳಿಕೆ ಬರೆಸಿಕೊಂಡ ಕಿವಿಗೆ ಇದು ನಿಜದ ಹಾಗೇ ಕೇಳಿಸಿತು.

"ಹಾಗಾದ್ರೆ ಒತ್ತಿದ್ದು ಯಾರಕ್ಕ?" ಎಂದು ಅವನೇ ಕೇಳಿದ.

ಒಂದನೆಯವಳು ಹಾಸಿಗೆಯಲ್ಲಿದ್ದಾಳೆ. ಎರಡನೆಯವನ ಹತ್ತಿರ ಅಲಾರ್ಮೇ ಇಲ್ಲ. ಮೂರನೆಯವಳ ಕಣ್ಣಿಗೆ ಹನಿ. ಬೆರಳು ಮಡಚುತ್ತಾ ಹೋದ ಇಕ್ಕಳ ಮೇಡಂ ನಾಲ್ಕನೆಯ ಬೆರಳಿಗೆ ಬಂದು ನಿಂತಳು.

ಬುಧವಾರ. ಜೈಲಿನ ಗೇಟು. ಹಳೇ ಕಳ್ಳನೊಬ್ಬನನ್ನು ಮಾತಾಡಿಸಲು ಹೋಗಿದ್ದಳು. ಒಳಗೆ ಫೋನು ಬಿಡುವುದಿಲ್ಲ, ಟ್ರೇನಲ್ಲಿ ಇಡಬೇಕು. 'ನಾನು ಯಾರು ಗೊತ್ತೇನ್ರೀ' ಎಂದು ಗೇಟಿನ ಗುಮಾಸ್ತನ ಜೊತೆ ವಾದಕ್ಕೆ ನಿಂತಿದ್ದಳು. ನಡುವೆ ಕೈಯಲ್ಲಿದ್ದ ಫೋನು ಟ್ರಿಣ್ ಎಂದಿತು. ಗುಮಾಸ್ತ ನಕ್ಕ. ಅವಳ ಹೆಬ್ಬೆರಳು ತಾನಾಗಿ ಪರದೆಯ ಮೇಲೆ ಹೋಗಿ ಒತ್ತಿತು. ಒಳಗಿಂದ ಬಂದು ಫೋನು ಮಾಡಿದರಾಯಿತು ಎಂದುಕೊಂಡಳು. ವಾದ ಮುಂದುವರಿಸಿದಳು.

ಹೊರಗೆ ಬಂದಾಗ ಶಾಲೆಯಿಂದ ಏಳು ಮಿಸ್ಡ್ ಕಾಲ್.

ಎರಡು ದಿನ ಅದು ಅವಳ ನೆನಪಿಗೆ ಬಂದೇ ಇರಲಿಲ್ಲವೇ? ಬಂದಿತ್ತು. ಮೊದಲನೆಯ ದಿನವೇ, ಆಂಬುಲೆನ್ಸಿನ ಹಿಂದೆ ಓಡುವಾಗ, ಎಲ್ಲೋ ಒಂದು ಟ್ರಿಣ್ ಕೇಳಿಸಿದಂತಾಗಿತ್ತು. ಅದನ್ನು ಅಲ್ಲೇ ಅದುಮಿ, ಯಂತ್ರದ ಮೇಲೆ ಹರಿಹಾಯ್ದಿದ್ದಳು. ಕೂಗಲೇ ಇಲ್ಲ ಎಂದು ಊರಿಗೆಲ್ಲ ಹೇಳಿದ್ದಳು. ಕೂಗಿದ್ದು ತನ್ನ ಕೈಯಲ್ಲೇ.

ಎದುರಿಗೆ ತಂಗಿಯ ಗಂಡ ಮುಖ ಮುಚ್ಚಿಕೊಂಡು ಅಳತೊಡಗಿದ.

"ನನ್ನಿಂದಲೇ ಆಯ್ತು ಅಕ್ಕ. ನಾಲ್ಕು ಜನ ನಗ್ತಾರೆ ಅಂತ ಅಲಾರ್ಮ್ ಬಿಟ್ಟೆನಲ್ಲ. ನನ್ನ ಫೋನಲ್ಲಿದ್ದಿದ್ರೆ ಗಾಡಿ ನಿಲ್ಲಿಸಿ ಓಡಿ ಹೋಗ್ತಿದ್ದೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಆಗ ಅವಳು ಹೇಳಬೇಕಿತ್ತು. ಒಂದು ಸಾಲಿನ ಮಾತು. ನೀನಲ್ಲಪ್ಪ, ನಾನು.

"ಆಗಿದ್ದಾಯ್ತು ಬಿಡು" ಎಂದು ಅವನ ಭುಜ ತಟ್ಟಿದಳು.

ಕ್ಷಮಿಸುವವಳ ಜಾಗದಲ್ಲಿ ನಿಂತು ಭುಜ ತಟ್ಟಿದ ಆ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನೆಲ ಬಾಯಿಬಿಟ್ಟಿದ್ದರೆ ಆ ಓಣಿಯಲ್ಲೇ ಇಳಿದುಹೋಗುತ್ತಿದ್ದಳು. ಅಮ್ಮನ ಎದುರು ಹೋಗಲೂ ಧೈರ್ಯವಾಗದೆ ದೂರದಿಂದಲೇ, "ಅಮ್ಮ, ನೀನು ಮನೆಗೆ ಹೋಗಿ ಸ್ವಲ್ಪ ಮಲಗು" ಎಂದಳು. ಅವನಿಗೆ, "ಅವಳ ಪಕ್ಕದಲ್ಲಿ ನೀನೇ ಕೂತಿರು, ಬೇರೆ ಯಾರೂ ಬೇಡ" ಎಂದಳು. ಅಷ್ಟಾದರೂ ಒಳ್ಳೆಯದು ಮಾಡಿದೆ ಎಂಬ ಸಮಾಧಾನಕ್ಕೆ.

ಹೊರಡುವಾಗ ಗಾಜಿನ ಬಾಗಿಲಿನಿಂದ ಇಣುಕಿದಳು. ತಂಗಿಯ ತೋಳಿನಲ್ಲಿ ಗುಂಡಿ ಹಾಗೇ ಇತ್ತು. ಸಾಕ್ಷಿ, ತೆಗೆಯಬೇಡಿ ಎಂದು ಡಾಕ್ಟರಿಗೆ ಹೇಳಿದವಳು ಅವಳೇ. ಪಕ್ಕದ ಸ್ಟೂಲಿನ ಮೇಲೆ ತಂಗಿಯ ಬ್ಯಾಗು, ಅದರೊಳಗೆ ಅವಳ ಫೋನು. ತಂಗಿಯ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಉಳಿದಿತ್ತು.

"ಶುಗರ್ ಈಗ ಒಂದೇ ಸಮ ಇದೆ, ನೂರ ನಲವತ್ತರ ಹತ್ತಿರ. ಹೆದರೋದೇನಿಲ್ಲ" ಎಂದಳು ನರ್ಸು.

*

ಸ್ಟೇಷನ್ನಿನ ಇನ್ಸ್‌ಪೆಕ್ಟರು ಹಿಂದೆ ಅವಳ ಕೈಕೆಳಗೆ ಕೆಲಸ ಕಲಿತವನು. ಅವಳು ಬಂದರೆ ಈಗಲೂ ಅರ್ಧ ಎದ್ದು ನಿಲ್ಲುತ್ತಾನೆ. ಭೂತಗನ್ನಡಿಯನ್ನು ಹೇಳಿಕೆಗೆಂದು ಕರೆಸಿದ್ದರು. ಉಪಕರಣದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದ. ಪೆಟ್ಟಿಗೆ ಮೂಲೆಯಲ್ಲಿ, ಹಳೇ ಹೆಲ್ಮೆಟ್ಟುಗಳ ಮೇಲೆ.

"ಅದನ್ನ ಆನ್ ಮಾಡಿಸು. ಈಗಲೇ" ಎಂದಳು ಮೇಡಂ.

"ಸೀಲ್ ಮಾಡಿದ್ದು ಮೇಡಂ. ನೀವೇ ಅಲ್ವಾ, ಗಂಟೆಗಂಟೆಗೂ ಫೋನು ಮಾಡಿ ಸೀಲ್ ಮಾಡಿದ್ರಾ ಅಂತ ಕೇಳಿದ್ದು?"

"ಬೇರೆ ಹನ್ನೊಂದು ಜನರಿಗೆ ತೊಂದರೆ ಆಗ್ತಿದೆ."

"ನಿನ್ನೆ ನಾನೂ ಅದನ್ನೇ ಹೇಳಿದೆ. 'ಅದು ನನಗೆ ಬೇಡ' ಅಂದ್ರಿ."

"ದೂರು ವಾಪಸ್ ತಗೋತೀನಿ."

"ಕಾರಣ ಬರೀಬೇಕು ಮೇಡಂ. ಕಾರಣ ಇಲ್ಲದೆ ದೂರು ವಾಪಸ್ ತಗೊಂಡ್ರೆ ಒಪ್ಪಬಾರದು ಅಂತ ನನಗೆ ಕಲಿಸಿದ್ದು ನೀವೇ."

ಹೌದು, ಕಲಿಸಿದ್ದಳು. ಬಾಗಿಲ ಬಳಿ ಇಬ್ಬರು ಕಾನ್‌ಸ್ಟೇಬಲ್‌ಗಳು ನಿಂತಿದ್ದರು. ಅವರಲ್ಲೊಬ್ಬನಿಗೆ, ಡ್ಯೂಟಿಯಲ್ಲಿ ಫೋನು ಮುಟ್ಟಿದ್ದಕ್ಕೆ, ಒಮ್ಮೆ ಅವಳು ಎಲ್ಲರೆದುರಿಗೆ ನೀರಿಳಿಸಿದ್ದಳು. ಅವನು ಈಗ ಗೋಡೆಯ ಕ್ಯಾಲೆಂಡರು ಓದುತ್ತಿದ್ದ.

ಅವಳು ಭೂತಗನ್ನಡಿಯತ್ತ ನೋಡಿದಳು. ಅವನು ಅವಳತ್ತ ನೋಡಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತೇನೋ ಎಂಬ ಅನುಮಾನ ಆಗ ಮೂಡಿತು.

"ಅಲಾರ್ಮ್ ಹೊಡೆದಿತ್ತು" ಎಂದಳು. ಸ್ವರ ಅವಳದ್ದೇ ಎಂದು ಅನ್ನಿಸಲಿಲ್ಲ. "ನನ್ನ ಫೋನಿಗೆ ಬಂತು. ಜೈಲಿನ ಗೇಟಲ್ಲಿ ಜಗಳ ಆಡ್ತಿದ್ದೆ. ಒತ್ತಿ ಸುಮ್ಮನಾಗಿಸಿದೆ. ತಂಗಿಗೆ ಫೋನು ಮಾಡ್ಲಿಲ್ಲ. ತಪ್ಪು ಇವನದಲ್ಲ, ನನ್ನದು."

ಇನ್ಸ್‌ಪೆಕ್ಟರು ಕಾಗದ ಮುಂದೆ ತಳ್ಳಿದ. ಅವಳು ಬರೆದಳು, ಸಹಿ ಹಾಕಿದಳು. ಬರೆದದ್ದನ್ನು ಬರೆದವರಿಗೆ ಓದಿ ಹೇಳಬೇಕೆಂಬುದು ಪದ್ಧತಿ. ಅವನು ಒಂದೊಂದೇ ಸಾಲು ಗಟ್ಟಿಯಾಗಿ ಓದಿದ, ಅವಳು ಒಂದೊಂದು ಸಾಲಿಗೂ ಹೌದು ಎಂದಳು. ಎಷ್ಟು ಜನರನ್ನು ಈ ಕುರ್ಚಿಯಲ್ಲಿ ಕೂರಿಸಿ ಹೀಗೆ ಹೌದು ಅನ್ನಿಸಿದ್ದಳೋ. ಅವರ ಮುಖ ಆಗ ಹೇಗಿತ್ತೆಂದು ಅವಳು ಯಾವತ್ತೂ ನೋಡಿರಲಿಲ್ಲ.

ಕ್ಯಾಲೆಂಡರು ಓದುತ್ತಿದ್ದ ಕಾನ್‌ಸ್ಟೇಬಲ್ಲೇ ಪೆಟ್ಟಿಗೆಯನ್ನು ಮೇಜಿಗೆ ತಂದಿಟ್ಟ. ಭೂತಗನ್ನಡಿ ತಂತಿ ಸಿಕ್ಕಿಸಿದ. ಹಸಿರು ದೀಪ ಹತ್ತಿತು. ಪುಟ್ಟ ಪರದೆಯ ಮೇಲೆ ಒಂದೊಂದೇ ಅಂಕಿ ಏಳತೊಡಗಿತು.

"ಟೈಲರಮ್ಮ, ಎಂಬತ್ತೆರಡು. ಸ್ವಲ್ಪ ಕಡಿಮೆನೇ, ಆದ್ರೂ ಪರವಾಗಿಲ್ಲ." ಅವನು ಬೆರಳಿಟ್ಟು ಓದುತ್ತಿದ್ದ. "ಮೂರನೇ ಕ್ಲಾಸಿನ ಪುಟ್ಟಿ, ನೂರ ಹತ್ತು." ಫೋನು ಎತ್ತದಿದ್ದ ಇಬ್ಬರೂ ಬಂದರು. ಏಳು, ಎಂಟು, ಹತ್ತು. ಹನ್ನೊಂದನೆಯದೂ ಬಂದಾಗ ಅವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ. ಅದಿಲ್ಲದ ಮುಖದಲ್ಲಿ ಅವನು ತೀರಾ ವಯಸ್ಸಾದವನಂತೆ ಕಂಡ.

"ನಾನು..." ಎಂದಳು ಇಕ್ಕಳ ಮೇಡಂ.

"ಇರಲಿ ಮೇಡಂ. ಬುಧವಾರದ್ದು ತೆಗೀತೀನಿ."

ಬುಧವಾರದ ಸಾಲುಗಳು ಬಂದವು. 11:08, ನೋಡಿದೆ, ನಾಲ್ಕನೇ ಫೋನ್. ಗೊತ್ತಿದ್ದದ್ದೇ ಆದರೂ ಅವಳು ಅದನ್ನು ಇನ್ನೊಮ್ಮೆ ಓದಿದಳು.

ಮುಂದಿನ ಸಾಲು. 11:38, ನೋಡಿದೆ, ನಾಲ್ಕನೇ ಫೋನ್.

"ಇದಲ್ಲ" ಎಂದಳು ಅವಳು ಥಟ್ಟನೆ. "ಮೊದಲನೇದು ನಾನು. ಎರಡನೇದು ನಾನಲ್ಲ."

ಇನ್ಸ್‌ಪೆಕ್ಟರು ಹುಬ್ಬೇರಿಸಿದ. "ಮೇಡಂ, ಸಹಿಯ ಶಾಯಿ ಇನ್ನೂ ಒಣಗಿಲ್ಲ."

ಅವಳು ಕೈಚೀಲ ಕೊಡವಿದಳು. ಕರವಸ್ತ್ರ, ಬಾಚಣಿಗೆ, ಕೊನೆಗೆ ಜೈಲಿನ ಗೇಟಿನ ಚೀಟಿ. ಫೋನು ಒಪ್ಪಿಸಿದ್ದು 11:15. ವಾಪಸ್ ಪಡೆದದ್ದು 12:20. ಕೆಳಗೆ ಜೈಲಿನ ಮೊಹರು.

"ಹನ್ನೊಂದು ಮೂವತ್ತೆಂಟಕ್ಕೆ ನನ್ನ ಫೋನು ಬೀಗದೊಳಗಿತ್ತು."

ಹೇಳುತ್ತಿದ್ದಂತೆ ಅವಳಿಗೆ ಹಗುರಾಯಿತು. ಬೇರೊಬ್ಬರಿದ್ದಾರೆ. ತಾನೊಬ್ಬಳೇ ಅಲ್ಲ. ಮರುಕ್ಷಣವೇ ಆ ಹಗುರಕ್ಕೆ ಕಿವಿಯ ತನಕ ಬಿಸಿಯೇರಿತು. ತಂಗಿ ಅಲ್ಲಿ ಮಲಗಿದ್ದಾಳೆ, ತಾನಿಲ್ಲಿ ಪಾಲುದಾರರು ಸಿಕ್ಕರೆಂದು ಉಸಿರು ಬಿಡುತ್ತಿದ್ದಾಳೆ.

ಭೂತಗನ್ನಡಿ ಚೀಟಿಯನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದ. "ಮೇಡಂ, ನಿಮ್ಮ ಫೋನು ಹೊಸದಲ್ವಾ?"

"ಎರಡು ವಾರ ಆಯ್ತು."

"ಹೊಸದಕ್ಕೆ ಅಲಾರ್ಮ್ ಹಾಕಿಕೊಟ್ಟೆ. ಹಳೇದರಿಂದ ತೆಗೆಸೋಕೆ ನೀವು ಬರಲೇ ಇಲ್ಲ. ಅದರಲ್ಲೂ ಇದೇ ನಂಬರು ಇದೆ. ಎರಡರಲ್ಲಿ ಯಾವುದನ್ನ ಒತ್ತಿದ್ರೂ ಪೆಟ್ಟಿಗೆ ನಾಲ್ಕು ಅಂತಲೇ ಬರ್ಕೊಳ್ಳುತ್ತೆ." ಅವನು ತಲೆಯೆತ್ತಿದ. "ಹಳೇ ಫೋನು ಯಾರಿಗೆ ಕೊಟ್ರಿ?"

ಅಂಗೈಗೆ ಕವುಚಿ ಹಿಡಿದ ಫೋನು. ಮೂಲೆಯ ಬಿರುಕು. ಕೆಂಪು ನೇಲ್ ಪಾಲಿಶ್. ನನ್ನ ಫೋನಲ್ಲಿ ಆ ಅಲಾರ್ಮೇ ಇಲ್ಲ ಅಕ್ಕ.

ಅವಳು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಹನ್ನೆರಡನೆಯ ಹೆಸರು ಮೂಡಿತು, ತಂಗಿಯದು. ಬೆಳಗ್ಗೆಯಿಂದ ಗುಂಡಿಯಲ್ಲೇ ಉಳಿದಿದ್ದ ಅಂಕಿಗಳು ಒಂದರ ಹಿಂದೊಂದು ಬಂದವು. ನೂರ ನಲವತ್ತು. ನೂರ ಮೂವತ್ತೆಂಟು. ನೂರ ನಲವತ್ತು. ಆಮೇಲೆ, ಅವಳು ಆಸ್ಪತ್ರೆ ಬಿಟ್ಟ ಹೊತ್ತಿನಿಂದ ಈಚೆಗೆ, ನೂರ ಹದಿನೇಳು. ತೊಂಬತ್ತೆರಡು. ಅರವತ್ತೆಂಟು.

ಅವಳ ಕೈಯಲ್ಲಿದ್ದ ಫೋನು ಟ್ರಿಣ್ ಎಂದು ಕೂಗಿತು.

ಹೆಬ್ಬೆರಳು ಹಳೇ ಚಾಳಿಯಂತೆ ಪರದೆಯತ್ತ ಹೊರಟಿತು. ಅವಳು ಅದನ್ನು ತಡೆದಳು. ಈ ಸಲ ಒತ್ತುವುದಿಲ್ಲ. ಮೊದಲು ವಾರ್ಡಿಗೆ ಫೋನು, ನರ್ಸಿಗೆ ಫೋನು. ಇದು ಕೂಗುತ್ತಲೇ ಇರಲಿ, ಸ್ಟೇಷನ್ನೆಲ್ಲ ಕೇಳಲಿ.

ಅಲಾರ್ಮ್ ಒಮ್ಮೆಗೇ ನಿಂತುಹೋಯಿತು.

ಪೆಟ್ಟಿಗೆಯ ಪರದೆಯ ಮೇಲೆ ಹೊಸದೊಂದು ಸಾಲು ಮೂಡಿತ್ತು. 12:51, ನೋಡಿದೆ, ನಾಲ್ಕನೇ ಫೋನ್.

ಅವಳ ಹೆಬ್ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ತಂಗಿಯ ಪಕ್ಕದಲ್ಲಿ ಅವನನ್ನು ಒಬ್ಬನನ್ನೇ ಕೂರಿಸಿ, ಬೇರೆ ಯಾರೂ ಬೇಡ ಎಂದು ಹೇಳಿ ಬಂದವಳು ಅವಳೇ.